ಬರಪೊಳೆಯ ಧೈರ್ಯ ಕಡಲಿಗೆ ಸಾಲದು

ನಮಸ್ಕಾರ. ರಜೆ ಹತ್ತಿರ ಬಂದ ಹಾಗೆ ಮಡಿಕೇರಿಯಿಂದ ಕುಶಾಲನಗರದ ತನಕ ಎಲ್ಲರ ಫೋನಿಗೂ ಒಂದೇ ನಮೂನೆಯ ಜಾಹೀರಾತು ಬರೋಕೆ ಶುರುವಾಗುತ್ತೆ. ಒಂದೇ ದಿನದಲ್ಲಿ ಕಡಲ ಕಯಾಕಿಂಗ್, ಜೊತೆಗೆ ಸ್ನಾರ್ಕೆಲಿಂಗ್, ಈಜು ಬರದಿದ್ದರೂ ಪರವಾಗಿಲ್ಲ, ಊಟ ಸೇರಿ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಕಯಾಕ್ ಅಂದರೆ ಹುಟ್ಟು ಹಾಕೋ ಪುಟ್ಟ ದೋಣಿ, ಸ್ನಾರ್ಕೆಲ್ ಅಂದರೆ ಮುಖ ನೀರೊಳಗಿಟ್ಟು ತೇಲುವಾಗ ಬಾಯಿಂದ ಉಸಿರಾಡೋ ಕೊಳವೆ. ಎರಡನ್ನೂ ಕಲೀರಿ, ಖಂಡಿತ ಕಲೀರಿ, ಆದರೆ ಒಂದೇ ದಿನ ಬೇಡ. ಕಯಾಕ್‌ಗೆ ಹಿನ್ನೀರು, ಸ್ನಾರ್ಕೆಲ್‌ಗೆ ದ್ವೀಪ, ನಡುವೆ ಒಂದು ರಾತ್ರಿಯ ನಿದ್ದೆ.

ನಮ್ಮ ಕರಾವಳಿಯ ನೀರೇ ಹಾಗಿದೆ. ಮಂಗಳೂರಿನಿಂದ ಕುಂದಾಪುರದ ತನಕ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ಅಂತ ಸಾಲುಸಾಲಾಗಿ ಹೊಳೆಗಳು ಘಟ್ಟದ ಮಣ್ಣು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ದಡದ ಹತ್ತಿರ ತಳವೆಲ್ಲ ಹೆಚ್ಚಾಗಿ ಮರಳು. ಅಲ್ಲಿ ಮಾಸ್ಕ್ ಹಾಕಿ ಮುಖ ಮುಳುಗಿಸಿದರೆ ಕಾಣೋದು ನಿಮ್ಮದೇ ಕೈ, ಅದೂ ಮಸುಕಾಗಿ. ಹವಳ, ಬಣ್ಣದ ಮೀನು ನೋಡಬೇಕಾದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರೋ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅಲ್ಲಿಗೆ ಹೊಸಬರು ಕಯಾಕ್‌ನಲ್ಲಿ ಹೋಗೋ ಮಾತೇ ಇಲ್ಲ, ಇಂಜಿನ್ ದೋಣಿಯಲ್ಲೇ ಹೋಗೋದು. ಹಾಗಾಗಿ ಒಂದೇ ಜಾಗದಲ್ಲಿ ಎರಡೂ ಮಾಡಿಸ್ತೀವಿ ಅಂತ ಯಾರಾದರೂ ಹೇಳಿದರೆ, ಎರಡರಲ್ಲಿ ಒಂದು ಬರೀ ಫೋಟೋಗೆ ಅಂತ ತಿಳ್ಕೊಳ್ಳಿ.

ಈಗ ಕೊಡಗಿನವರ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿದವರು, ದುಬಾರೆಯಲ್ಲಿ ಕಾವೇರಿಗೆ ಇಳಿದವರು ನಮ್ಮಲ್ಲಿ ಬೇಕಾದಷ್ಟು ಜನ. ಆ ಧೈರ್ಯ ಒಳ್ಳೇದೇ. ಆದರೆ ರಾಫ್ಟ್‌ನಲ್ಲಿ ಹಿಂದೆ ಕೂತ ಗೈಡ್ ದಿಕ್ಕು ನೋಡ್ಕೋತಾನೆ, ನೀವು ಅವನ ಕೂಗಿಗೆ ಹುಟ್ಟು ಹಾಕಿದರೆ ಆಯ್ತು. ಹೊಳೆ ಹರಿಯೋದೂ ಒಂದೇ ಕಡೆಗೆ. ಬಿದ್ದರೆ ಮಲಗಿ, ಕಾಲು ಮುಂದೆ ಮಾಡಿ ತೇಲ್ತಾ ಹೋದರೆ ಕೆಳಗೆ ಒಂದು ಮಡು ಸಿಗುತ್ತೆ, ದಡ ಎರಡೂ ಕಡೆ ಇದೆ. ಕಡಲಲ್ಲಿ ದಡ ಒಂದೇ ಕಡೆ. ಅಲೆ ಒಂದು ಕಡೆಯಿಂದ, ಗಾಳಿ ಇನ್ನೊಂದು ಕಡೆಯಿಂದ, ಅಡಿಯ ಸೆಳೆತ ಮೂರನೇ ಕಡೆಗೆ. ಅದೇ ಬರಪೊಳೆಯ ನೀರು ಕೇರಳಕ್ಕಿಳಿದು ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತೆ, ಸೇರಿದ ಮೇಲೆ ಅದರ ನಡತೆಯೇ ಬೇರೆ.

ಗಾಳಿಯ ವಿಷಯ ಹೊಸಬರಿಗೆ ಯಾರೂ ಸರಿಯಾಗಿ ಹೇಳೋದಿಲ್ಲ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನ ಕಡೆ ಮೆಲ್ಲಗೆ ಬೀಸ್ತಾ ಇರುತ್ತೆ. ದಡದ ಹತ್ತಿರ ನೀರು ಕನ್ನಡಿ ಥರ ಇರುತ್ತೆ, ಹುಟ್ಟು ಹಾಕೋಕೆ ಬಲು ಸುಲಭ ಅನ್ನಿಸುತ್ತೆ. ಆ ಸುಲಭವೇ ಮೋಸ, ಯಾಕೆಂದರೆ ಗಾಳಿ ನಿಮ್ಮನ್ನು ಬೆನ್ನ ಹಿಂದಿನಿಂದ ತಳ್ತಾ ಇರುತ್ತೆ. ತಿರುಗಿ ಬರುವಾಗ ಅದೇ ಗಾಳಿ ಎದುರು, ಅಷ್ಟು ಹೊತ್ತಿಗೆ ತೋಳು ಸೋತಿರುತ್ತೆ. ಹನ್ನೊಂದು ಗಂಟೆ ದಾಟಿದ ಮೇಲೆ ನೆಲ ಕಾದು ಗಾಳಿ ದಿಕ್ಕು ಬದಲಿಸುತ್ತೆ, ಕಡಲಿಂದ ದಡಕ್ಕೆ ಜೋರಾಗಿ ಬೀಸುತ್ತೆ, ಅಲೆ ಏಳುತ್ತೆ. ಅದಕ್ಕೇ ಹೊಸಬರ ಹೊತ್ತು ಬೆಳಿಗ್ಗೆ ಏಳರಿಂದ ಹತ್ತು. ಮೊದಲರ್ಧ ಗಾಳಿಗೆದುರಾಗಿ ಹೋಗಬೇಕು, ಬರುವಾಗ ಗಾಳಿ ಜೊತೆಗಿರಬೇಕು. ನಿಮ್ಮ ಗೈಡ್ ಹೊರಡೋ ಮುಂಚೆ ದಿಕ್ಕಿನ ಬಗ್ಗೆ ಒಂದು ಮಾತೂ ಆಡದಿದ್ದರೆ ನೀವೇ ಕೇಳಿ.

ತಿಂಗಳು ಆರಿಸೋದರಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷ ತೊಂದರೆ ಇದೆ. ಕಡಲು ತಿಳಿಯಾಗಿರೋದು ಡಿಸೆಂಬರ್‌ನಿಂದ ಫೆಬ್ರವರಿ ತನಕ. ಸರಿಯಾಗಿ ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಕೊಯ್ಲು, ಅರೇಬಿಕಾ ಮುಗೀತು ಅನ್ನುವಾಗ ರೊಬಸ್ಟಾ. ದಸರಾ ರಜೆಗೆ ಹೋದರೆ ಮಳೆಗಾಲದ ಕೆಂಪು ನೀರು ಇನ್ನೂ ಇಳಿದಿರೋದಿಲ್ಲ. ಬಿಡುವು ಸಿಗೋದು ಏಪ್ರಿಲ್, ಮೇ. ಆ ಎರಡು ತಿಂಗಳಲ್ಲಿ ಕಳ್ಳಕ್ಕಡಲ್ ಅನ್ನೋದು ಬರುತ್ತೆ. ಕೇರಳದ ಮೀನುಗಾರರ ಮಾತು ಅದು, ಕಳ್ಳನ ಹಾಗೆ ಬರೋ ಕಡಲು ಅಂತ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದುದ್ದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ತಲುಪುತ್ತವೆ. ಇಲ್ಲಿ ಮೋಡವೂ ಇಲ್ಲ, ಗಾಳಿಯೂ ಇಲ್ಲ, ದಡದಲ್ಲಿ ಮಾತ್ರ ನೀರು ಒಮ್ಮೆಲೇ ನುಗ್ಗುತ್ತೆ. ಹೈದರಾಬಾದಿನ ಇಂಕಾಯ್ಸ್ (INCOIS) ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ, ಕಳ್ಳಕ್ಕಡಲ್ ಎಚ್ಚರಿಕೆ ಎರಡನ್ನೂ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತೆ. ಹಿಂದಿನ ಸಂಜೆ ಎರಡು ನಿಮಿಷ ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ಆ ತಿಂಗಳುಗಳಲ್ಲಿ ಕಡಲ ಆಸೆ ಬಿಟ್ಟುಬಿಡಿ. ನಮ್ಮನ್ನು ಕೇಳಿದರೆ ಪುತ್ತರಿ ಹಬ್ಬ ಮುಗಿದ ವಾರವೇ ಸರಿ. ಕೊಯ್ಲು ಬಿರುಸಾಗೋಕೆ ಮುಂಚೆ ಎರಡು ದಿನ ಕದ್ದು ಹೋಗಿಬನ್ನಿ.

ಮೊದಲ ದಿನ ಕಯಾಕ್. ಸಾಲಿಗ್ರಾಮದ ಬಳಿ ಪಾರಂಪಳ್ಳಿಯ ಹಿನ್ನೀರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹೋಗಬಹುದು. ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕಣ್ಣೂರು ದಾಟಿದರೆ ಪಯ್ಯನ್ನೂರಿನ ಹತ್ತಿರ ಕವ್ವಾಯಿ ಹಿನ್ನೀರಿದೆ. ಹಿನ್ನೀರಲ್ಲೂ ಉಬ್ಬರ ಇಳಿತ ಇದೆ ಅನ್ನೋದು ಮರೀಬೇಡಿ. ಸುಮಾರು ಆರು ಗಂಟೆಗೊಮ್ಮೆ ನೀರು ತಿರುಗುತ್ತೆ, ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಜೋರು. ಉಬ್ಬರದ ಜೊತೆ ಹೊಳೆಯ ಮೇಲ್ಗಡೆಗೆ ಹೋಗಿ, ಇಳಿತದ ಜೊತೆ ವಾಪಸ್ ಬರೋದು ಕ್ರಮ. ಪೂರ್ತಿ ಇಳಿದ ಮೇಲೆ ಹೊರಟರೆ ಕಾಂಡ್ಲಾ ಬೇರಿನ ನಡುವೆ ಕೆಸರಲ್ಲಿ ಕೂತ್ಕೋತೀರಿ, ಇಳಿದು ತಳ್ಳೋಣ ಅಂದರೆ ಚಿಪ್ಪು ಕಾಲು ಕೊಯ್ಯುತ್ತೆ. ಚಪ್ಪಲಿ ಕೆಸರಲ್ಲೇ ಉಳಿಯುತ್ತೆ, ಹಿಮ್ಮಡಿ ಮುಚ್ಚಿದ ಶೂ ಬೇಕು. ಇಳಿತದ ಹೊತ್ತಲ್ಲಿ ಅಳಿವೆ ಬಾಯಿಯ ಕಡೆ ಮಾತ್ರ ಸುಳಿಯಬೇಡಿ. ಹೊರಗೆ ಹೋಗೋ ಹೊಳೆ, ಒಳಗೆ ಬರೋ ಅಲೆ ಅಲ್ಲಿ ಡಿಕ್ಕಿ ಹೊಡೀತವೆ. ನೀರು ಗೋಡೆ ಥರ ನಿಲ್ಲುತ್ತೆ.

ಹೊಸಬರಿಗೆ ಮೇಲೆ ಕೂರೋ ಥರದ ಕಯಾಕ್ ಸರಿ. ತಳದಲ್ಲಿ ತೂತುಗಳಿರುತ್ತವೆ, ನೀರು ಬರ್ತಿದೆ ಅಂತ ಗಾಬರಿ ಬೇಡ, ಒಳಗೆ ಬಿದ್ದ ನೀರು ಹೊರಗೆ ಹೋಗೋಕೇ ಅವು. ಕಾಲು ಊರುವ ಜಾಗದಲ್ಲಿ ಪಾದ ಇಟ್ಟಾಗ ಮಂಡಿ ಸ್ವಲ್ಪ ಬಾಗಿರಬೇಕು. ಹುಟ್ಟನ್ನು ತಲೆ ಮೇಲೆ ಇಟ್ಟು ಹಿಡಿದಾಗ ಮೊಣಕೈ ಎರಡೂ ಲಂಬಕೋನದಲ್ಲಿದ್ದರೆ ಹಿಡಿತದ ಅಗಲ ಸರಿ ಇದೆ ಅಂತ. ತೋಳಿನಿಂದ ಎಳೆದರೆ ಅರ್ಧ ಗಂಟೆಗೆ ಭುಜ ಹಿಡ್ಕೊಳ್ಳುತ್ತೆ. ಹುಟ್ಟಿನ ಅಲಗು ಪಾದದ ಪಕ್ಕದಲ್ಲಿ ನೀರಿಗಿಳೀಬೇಕು, ಸೊಂಟದ ಪಕ್ಕ ಹೊರಗೆ ಬರಬೇಕು, ನಡುವೆ ತಿರುಗೋದು ನಿಮ್ಮ ಎದೆ. ಲೈಫ್ ಜಾಕೆಟ್ ಎಲ್ಲ ಪಟ್ಟಿ ಬಿಗಿದ ಮೇಲೆ ಯಾರಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಲಿ. ಕಿವಿಯ ತನಕ ಏರಿದರೆ ಅದು ನಿಮ್ಮ ಅಳತೆಯದ್ದಲ್ಲ, ಬೇರೆ ಕೇಳಿ, ನಾಚಿಕೆ ಬೇಡ.

ಎಲ್ಲಕ್ಕಿಂತ ಮೊದಲು ಬೀಳೋದು ಕಲೀಬೇಕು. ಸೊಂಟದಿಂದ ಎದೆ ತನಕ ನೀರಿರೋ ಕಡೆ ಗೈಡ್ ಪಕ್ಕದಲ್ಲಿರುವಾಗ ಬೇಕಂತಲೇ ಬೀಳಿ. ಕಯಾಕ್ ಮಗುಚಿದ್ದರೆ ಅಡ್ಡದಿಂದ ಕೈ ಚಾಚಿ ಆಚೆ ಅಂಚು ಹಿಡಿದು ಎಳೆದು ಸರಿಮಾಡಿ. ಆಮೇಲೆ ಎರಡೂ ಕೈ ಕಯಾಕ್ ಮೇಲಿಟ್ಟು, ದೇಹ ನೀರಿನ ಮೇಲೆ ಅಡ್ಡ ಮಲಗೋ ತನಕ ಕಾಲು ಜೋರಾಗಿ ಬಡೀರಿ. ಇದೇ ಗುಟ್ಟು. ಕಾಲು ಕೆಳಗೆ ಜೋತುಬಿದ್ದಿರುವಾಗ ಬರೀ ತೋಳಿನ ಬಲದಲ್ಲಿ ಹತ್ತೋಕೆ ಹೋದರೆ ಕಯಾಕ್ ನಿಮ್ಮ ಮೇಲೇ ಮಗುಚುತ್ತೆ. ಮೊದಲು ಹೊಟ್ಟೆ ಕಯಾಕ್ ಮೇಲೆ ಬರಬೇಕು, ಆಮೇಲೆ ಹೊರಳಿ ಕುಂಡೆ ಸೀಟಿಗೆ, ಕೊನೆಗೆ ಕಾಲು. ಇಷ್ಟನ್ನು ಎರಡು ಸಲ ಮಾಡಿಸದೆ ಆಳಕ್ಕೆ ಕರ್ಕೊಂಡು ಹೋಗೋ ಗೈಡ್‌ಗೆ ನೀವು ಕೊಡೋ ದುಡ್ಡು ದಂಡ. ಅಲೆ ಒಡೆಯೋ ದಡಕ್ಕೆ ಬರಬೇಕಾದರೆ ಮೂಗು ನೇರ ದಡಕ್ಕಿರಲಿ. ಅಡ್ಡ ತಿರುಗಿದ ಕಯಾಕನ್ನು ಅಲೆ ಉರುಳಿಸುತ್ತೆ. ಇಳಿದ ಮೇಲೆ ಕಯಾಕ್ ಮತ್ತು ದಡದ ನಡುವೆ ನಿಲ್ಲಬೇಡಿ. ಇಪ್ಪತ್ತು ಕಿಲೋ ಮೇಲ್ಪಟ್ಟ ಪ್ಲಾಸ್ಟಿಕ್ಕನ್ನು ಅಲೆ ನಿಮ್ಮ ಮಂಡಿಗೆ ತಂದು ಹೊಡೆದರೆ ಪ್ರವಾಸ ಅಲ್ಲಿಗೇ ಮುಗೀತು.

ಎರಡನೇ ದಿನ ನೇತ್ರಾಣಿ. ಮಡಿಕೇರಿಯಿಂದ ಮುರುಡೇಶ್ವರ 300 ಕಿಲೋಮೀಟರ್ ಹತ್ತಿರ. ರಾತ್ರಿಯಿಡೀ ಗಾಡಿ ಓಡಿಸಿ, ಸಂಪಾಜೆ ಘಾಟಿ ಇಳಿದು, ನೇರ ದೋಣಿ ಹತ್ತೋ ಯೋಜನೆಯನ್ನು ದಯವಿಟ್ಟು ಬಿಡಿ. ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳೆಸೋರಿಗೆ ದೋಣಿಯಲ್ಲಿ ಒಂದೂವರೆ ಗಂಟೆ ಕಷ್ಟವೇ. ವಾಂತಿ ತಡೆಯೋ ಮಾತ್ರೆಯನ್ನು ದೋಣಿ ಹತ್ತೋಕೆ ಗಂಟೆ ಮುಂಚೆಯೇ ತಗೋಬೇಕು, ತಲೆ ಸುತ್ತು ಶುರುವಾದ ಮೇಲೆ ತಗೊಂಡು ಪ್ರಯೋಜನವಿಲ್ಲ. ಅದು ನಿದ್ದೆ ತರುತ್ತೆ, ಹಾಗಾಗಿ ಯಾವುದು ನಿಮಗೆ ಸರಿ ಅಂತ ಊರಲ್ಲೇ ಡಾಕ್ಟರನ್ನು ಕೇಳಿಟ್ಕೊಳ್ಳಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಬರೀ ಹೊಟ್ಟೆಯೂ ಬೇಡ, ಹಿಂದಿನ ರಾತ್ರಿಯ ಪಂದಿ ಕರಿ ಕಡಂಬಿಟ್ಟೂ ಬೇಡ. ದೋಣಿಯ ಹಿಂಭಾಗದಲ್ಲಿ ಕೂತು ದೂರದ ದಿಗಂತ ನೋಡಿ, ಫೋನ್ ನೋಡಬೇಡಿ.

ಮಾಸ್ಕ್ ಆರಿಸೋಕೆ ಐದು ನಿಮಿಷ ಕೊಡಿ, ಅರ್ಧ ಪ್ರವಾಸ ಅಲ್ಲೇ ತೀರ್ಮಾನ ಆಗುತ್ತೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಬಿದ್ದರೆ ಪಟ್ಟಿ ಎಷ್ಟು ಬಿಗಿದರೂ ನೀರು ಬರುತ್ತೆ, ಬಿಗಿದಷ್ಟೂ ಸಿಲಿಕೋನ್ ಅಂಚು ಸೊಟ್ಟಗಾಗಿ ಇನ್ನೂ ಜಾಸ್ತಿ ಬರುತ್ತೆ. ಒಂದೇ ಒಂದು ಕೂದಲೆಳೆ ಅಂಚಿನಡಿ ಸಿಕ್ಕಿದರೂ ಸಾಕು, ಸೋರುತ್ತೆ. ಮೀಸೆ ಇಟ್ಟವರಿಗೆ, ಅಂದರೆ ನಮ್ಮಲ್ಲಿ ಬಹಳ ಜನಕ್ಕೆ, ಇದೇ ದೊಡ್ಡ ತೊಂದರೆ. ಮೀಸೆ ಪೂರ್ತಿ ತೆಗೀಬೇಕಿಲ್ಲ. ಮೂಗಿನ ಬುಡದಲ್ಲಿ, ಅಂಚು ಕೂರೋ ಜಾಗದಲ್ಲಿ ನಾಲ್ಕೈದು ಮಿಲಿಮೀಟರ್ ಬೋಳಿಸಿದರೆ ಸಾಕು, ತುದಿ ಹಾಗೇ ಇರಲಿ. ಗಾಜು ಮಂಜಾಗದಿರೋಕೆ ಒಣಗಿದ ಗಾಜಿನ ಒಳಗೆ ಒಂದು ಹನಿ ಬೇಬಿ ಶಾಂಪೂ ಸವರಿ ಒಂದೇ ಸಲ ನೀರಲ್ಲಿ ಅದ್ದಿ. ಕನ್ನಡಕದವರು ಪವರ್ ಇರೋ ಮಾಸ್ಕ್ ಸಿಗುತ್ತಾ ಅಂತ ಮೊದಲೇ ಫೋನ್ ಮಾಡಿ. ಮುಖ ಪೂರ್ತಿ ಮುಚ್ಚೋ ಮಾಸ್ಕ್ ನಾವು ಒಪ್ಪೋದಿಲ್ಲ. ನೀರು ನುಗ್ಗಿದಾಗ ಅದನ್ನು ತಟ್ಟಂತ ಖಾಲಿ ಮಾಡೋಕಾಗಲ್ಲ, ಕೆಟ್ಟ ವಿನ್ಯಾಸದವುಗಳಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಸೇರುತ್ತೆ.

ಉಸಿರಾಟ ನಿಧಾನ, ಆಳ. ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ತಗೊಂಡರೆ ಕೊಳವೆಯೊಳಗಿನ ಹಳೇ ಗಾಳಿಯೇ ಹಿಂದೆ ಮುಂದೆ ಓಡಾಡುತ್ತೆ, ಇಂಗಾಲದ ಡೈಆಕ್ಸೈಡ್ ಸೇರಿ ಎದೆ ಬಿಗಿದ ಹಾಗಾಗುತ್ತೆ, ಅದಕ್ಕೆ ಗಾಬರಿ ಇನ್ನೂ ಹೆಚ್ಚು. ಕೊಳವೆಗೆ ನೀರು ಬಂದರೆ ‘ತೂ’ ಅಂತ ಒಂದೇ ಏಟಿಗೆ ಊದಬೇಕು. ಮಾಸ್ಕಿಗೆ ಬಂದರೆ ತಲೆ ಎತ್ತಿ, ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಟ್ಟರೆ ಕೆಳಗಿನಿಂದ ಹೊರಗೆ ಹೋಗುತ್ತೆ. ಇವೆರಡನ್ನೂ ದೋಣಿಯ ಏಣಿ ಹಿಡ್ಕೊಂಡೇ ಅಭ್ಯಾಸ ಮಾಡಿ. ದಪ್ಪ ಕಿತ್ತಳೆ ಜಾಕೆಟ್ ಹಾಕಿ ಸ್ನಾರ್ಕೆಲ್ ಮಾಡಿಸಿದರೆ ಅದು ಎದೆಯನ್ನು ಮೇಲಕ್ಕೆ ಎತ್ತುತ್ತೆ, ಮುಖ ಕೆಳಗೆ ಮಾಡೋಕೆ ಕತ್ತು ನೋಯುತ್ತೆ. ಊದಿಕೊಳ್ಳುವ ಸ್ನಾರ್ಕೆಲ್ ಜಾಕೆಟ್ ಇದ್ದರೆ ಅದೇ ಒಳ್ಳೇದು. ಈಜು ಬರದವರು ಟ್ಯೂಬ್ ಹಿಡ್ಕೊಳ್ಳಿ, ಟ್ಯೂಬಿನ ಹಗ್ಗ ಗೈಡ್ ಕೈಯಲ್ಲಿರಲಿ. ಬಂಡೆ, ಹವಳದ ಮೇಲೆ ಕಾಲಿಡಬೇಡಿ. ಹವಳ ಜೀವ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಸತ್ತ ತುಂಡನ್ನೂ ಜೇಬಿಗೆ ಹಾಕಬೇಡಿ. ಬಂಡೆ ಸಂದಿನ ಮುಳ್ಳುಚೆಂಡು (ಸೀ ಅರ್ಚಿನ್ ಅನ್ನೋ ಕಡಲ ಜೀವಿ) ಕಾಲಿಗೆ ಚುಚ್ಚಿದರೆ ಮುಳ್ಳು ಒಳಗೇ ಮುರೀತದೆ. ಉದ್ದ ತೋಳಿನ ಬಟ್ಟೆ ಹಾಕಿ, ಕತ್ತಿನ ಹಿಂಭಾಗ, ಮಂಡಿಯ ಹಿಂದೆ ಬಿಸಿಲು ಸುಡೋದು ರಾತ್ರಿ ಮಲಗಿದಾಗಲೇ ಗೊತ್ತಾಗೋದು.

ಬುಕ್ ಮಾಡೋ ಮುಂಚೆ ಫೋನಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ. ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಅಂದರೆ ಹೊಸಬರು ಒಪ್ಪಬೇಡಿ. ನೀರಿಗಿಳಿಯೋ ಮುಂಚೆ ದಡದಲ್ಲಿ ಎಷ್ಟು ಹೊತ್ತು ಹೇಳಿಕೊಡ್ತೀರಿ? ಅರ್ಧ ಗಂಟೆ ಇರಲೇಬೇಕು. ಅಲೆ ಜೋರಿದ್ದರೆ ಏನ್ಮಾಡ್ತೀರಿ? ‘ಏನಾಗಲ್ಲ ಸಾರ್, ಬನ್ನಿ’ ಅಂದರೆ ಫೋನ್ ಇಡಿ. ‘ರದ್ದು ಮಾಡ್ತೀವಿ, ಇನ್ನೊಂದು ದಿನ ಕೊಡ್ತೀವಿ, ಇಲ್ಲಾ ದುಡ್ಡು ವಾಪಸ್’ ಅಂದವರ ಹೆಸರು ಬರೆದಿಟ್ಕೊಳ್ಳಿ, ಮುಂದಿನ ವರ್ಷಕ್ಕೂ ಅವರೇ ಇರಲಿ.