ಸಿ ಎ ಟಿ ಸೇರಿದ್ರೆ ಸಿಯೇಟಿ ಯಾಕಾಗಲ್ಲ ಅಜ್ಜಿ?

ಕೇಳುಗರೆಲ್ಲರಿಗೂ ನಮಸ್ಕಾರ. ಮನೇಲಿ ನಾಲ್ಕೈದು ವರ್ಷದ ಮಕ್ಕಳಿರೋರು ಒಲೆ ಸ್ವಲ್ಪ ಸಣ್ಣ ಮಾಡಿ ರೇಡಿಯೋ ಹತ್ರ ಬನ್ನಿ, ಮಕ್ಕಳಿಗೆ ಇಂಗ್ಲಿಷ್ ಓದೋದನ್ನ ಹೇಗೆ ಕಲಿಸೋದು ಅನ್ನೋ ಇವತ್ತಿನ ಮಾತು ನಿಮಗೇನೆ.

ಹೋದ ವರ್ಷ ಬೇಸಿಗೆ ರಜಕ್ಕೆ ನನ್ನ ಮೊಮ್ಮಗ ಊರಿಗೆ ಬಂದಿದ್ದ, ಬೆಂಗಳೂರಲ್ಲಿ ಎಲ್‌ಕೆಜಿ ಮುಗಿಸಿದ್ದ. ನನ್ ಮಗಳು ಬಸ್ಸಿಳಿದು ಮನೆಗೆ ಬಂದೋಳು ಚಪ್ಪಲಿ ಬಿಡೋಕೆ ಮುಂಚೇನೇ ಶುರು ಮಾಡಿದ್ಲು, "ಅಮ್ಮಾ, ಇವ್ನಿಗೆ ಎಬಿಸಿಡಿ ಎಲ್ಲಾ ಬರತ್ತೆ, ಸ್ಪೆಲ್ಲಿಂಗ್ ಕೇಳಿದ್ರೆ ಗಿಣಿ ಥರ ಒಪ್ಪಿಸ್ತಾನೆ, ಆದ್ರೆ ಗೊತ್ತಿಲ್ದೇ ಇರೋ ಪದ ಒಂದು ತೋರಿಸಿದ್ರೆ ಬಾಯೇ ಬಿಡಲ್ಲ, ನೀನೇ ಏನಾದ್ರೂ ಮಾಡು, ಅಷ್ಟು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದೀಯಲ್ಲ" ಅಂತ. ನಾನು ಪಾಠ ಮಾಡಿದ್ದು ಮೈಸೂರು ಜಿಲ್ಲೆ ಕಡೆ ಹಳ್ಳಿ ಸ್ಕೂಲುಗಳಲ್ಲಿ, ಅದೂ ಬಹಳ ಕಾಲ ಬರೀ ಕನ್ನಡ ಮತ್ತೆ ಲೆಕ್ಕ. 2007ರಲ್ಲಿ ಸರ್ಕಾರಿ ಸ್ಕೂಲಲ್ಲಿ ಒಂದನೇ ಕ್ಲಾಸಿಂದಾನೇ ಇಂಗ್ಲಿಷ್ ಬಂತಲ್ಲ, ಆಗ ನಾವೂ ಎಲ್ಲರ ಥರಾನೇ ಮಾಡಿದ್ವಿ, ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು, ಇಡೀ ಕ್ಲಾಸು ಒಟ್ಟಿಗೆ ಕೂಗೋದು, ಹೆಂಚು ಹಾರಿಹೋಗೋ ಥರ.

ಮೊಮ್ಮಗನ್ನ ಕೂರಿಸ್ಕೊಂಡು ಅದನ್ನೇ ಕೂಗಿಸಿದೆ. ಅವ್ನು ಎರಡು ಸಲ ಕೂಗಿದ, ಮೂರನೇ ಸಲ ನಿಲ್ಲಿಸಿ ಕೇಳಿದ, "ಅಜ್ಜಿ, ಸಿ ಎ ಟಿ ಸೇರಿದ್ರೆ ಸಿಯೇಟಿ ಆಗ್ಬೇಕಲ್ವಾ? ಕ್ಯಾಟ್ ಎಲ್ಲಿಂದ ಬಂತು?"

ನನ್ ಹತ್ರ ಉತ್ತರ ಇರ್ಲಿಲ್ಲ ನೋಡಿ. ಅಷ್ಟು ವರ್ಷದಲ್ಲಿ ಒಂದು ಮಗೂನೂ ಕೇಳಿರ್ಲಿಲ್ಲ, ಕೇಳಿದ್ರೂ ಸುಮ್ನೆ ಕೂತ್ಕೋ ಅಂತಿದ್ನೇನೋ.

ಆಮೇಲೆ ಯೋಚನೆ ಮಾಡಿದ್ರೆ ಅವ್ನು ಕೇಳಿದ್ದೇ ಸರಿ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ಮ ಅನ್ನೋ ಅಕ್ಷರದ ಹೆಸರೇನು? ಮ. ಓದೋವಾಗ ಏನಂತೀವಿ? ಮ. ಇಂಗ್ಲಿಷಲ್ಲಿ ಹಾಗಿಲ್ಲ, ಅಲ್ಲಿ ಹೆಸರು ಬೇರೆ ಸದ್ದು ಬೇರೆ. ಎಚ್ ಅನ್ನೋ ಹೆಸರಲ್ಲಿ ಹ್ ಸದ್ದು ಹುಡುಕಿ ನೋಡೋಣ, ಇಲ್ಲ. ಡಬ್ಲ್ಯೂ ಅಂತ ಇಷ್ಟುದ್ದ ಹೆಸರು ಇಟ್ಕೊಂಡಿದೆ, ಅದರಲ್ಲಿ ವ್ ಇಲ್ವೇ ಇಲ್ಲ. ಹೆಸರು ಕಲಿಸಿಬಿಟ್ಟು ಓದು ಅಂದ್ರೆ ಮಗು ಹೇಗೆ ಓದತ್ತೆ? ಅಕ್ಷರದ ಹೆಸರು ಆಮೇಲೆ ಇರ್ಲಿ, ಮೊದ್ಲು ಸದ್ದು ಕಲಿಸಿ, ಆ ಸದ್ದುಗಳನ್ನ ಜೋಡಿಸಿ ಓದೋದನ್ನ ಕಲಿಸಿ ಅನ್ನೋದೇ ಫೋನಿಕ್ಸ್. ಅಷ್ಟೇ. ಫೋನಿಕ್ಸ್ ಅಂದ ತಕ್ಷಣ ಏನೋ ದುಬಾರಿ ಕೋರ್ಸು, ಪ್ಲಾಸ್ಟಿಕ್ ಡಬ್ಬಿ, ಫ್ಲ್ಯಾಶ್ ಕಾರ್ಡು ಅಂತ ಅಂದ್ಕೋತಾರೆ ಜನ, ನಾನೂ ಹಾಗೇ ಅಂದ್ಕೊಂಡಿದ್ದೆ.

ಸರಿ ಅಂತ ಮಾರನೇ ದಿನ ಸದ್ದಿಂದ ಶುರು ಮಾಡಿದೆ. ಬ್ಯಾಟ್ ಅನ್ನೋ ಪದ ತಗೊಂಡೆ. ಬ, ಆ್ಯ, ಟ ಅಂದೆ. ಅವ್ನೂ ಬ, ಆ್ಯ, ಟ ಅಂದ. ಬೇಗ ಬೇಗ ಹೇಳು ಅಂದೆ. ಬಆ್ಯಟ, ಬಆಟ, ಅಂತ ಸುಮಾರು ಹೊತ್ತು ಒದ್ದಾಡಿ ಆಮೇಲೆ ಮುಖ ಅರಳಿಸ್ಕೊಂಡು "ಬಟಾಟೆ!" ಅಂದ.

ತಪ್ಪು ನಂದು. ಇಲ್ಲೇ ನಮ್ಮ ಕನ್ನಡದೋರು ಎಡವೋದು. ನಮ್ಮ ಬಾಯಲ್ಲಿ ವ್ಯಂಜನ ಬಂದ್ರೆ ಹಿಂದೇನೇ ಅ ಅಂಟ್ಕೊಂಡು ಬರತ್ತೆ, ಬೆಲ್ಲಕ್ಕೆ ಇರುವೆ ಥರ. ಬ್ಯಾಟ್ ಪದದಲ್ಲಿರೋದು ಬ ಅಲ್ಲ, ಬ್. ಟ ಅಲ್ಲ, ಟ್. ಅರ್ಧಾಕ್ಷರ. ಮಜಾ ಏನು ಗೊತ್ತಾ, ಇಂಗ್ಲಿಷ್ ಮಾತಾಡೋ ಊರಿನ ಟೀಚರ್‌ಗಳಿಗೂ ಇದೇ ಕಷ್ಟ, ಅವ್ರೂ ಬ್ ಅನ್ನೋಕೆ ಹೋಗಿ ಬ ಅಂತಾರೆ, ಆ ಅ ಕತ್ತರಿಸಿ ಹೇಳಿ ಅಂತ ಅವ್ರಿಗೆ ಟ್ರೈನಿಂಗ್‌ನಲ್ಲಿ ಹೇಳ್ಕೊಡ್ಬೇಕಾಗತ್ತೆ. ನಮಗೆ ಅದಕ್ಕೆ ಅಂತಾನೇ ಒಂದು ಗುರುತಿದೆ. ಅಕ್ಷರದ ತಲೆ ಮೇಲಿನ ತಲೆಕಟ್ಟು ತೆಗೆದು ಬಾಲ ಎಳೆದ್ರೆ ಮುಗೀತು, ಕ್ ಆಯ್ತು. ಕ್ ಪ್ಲಸ್ ಅ ಕ, ಕ್ ಪ್ಲಸ್ ಆ ಕಾ, ಕ್ ಪ್ಲಸ್ ಇ ಕಿ ಅಂತ ಬೋರ್ಡ್ ಮೇಲೆ ಬರೆದು ಬರೆದು ನನ್ ಕೈ ಸವೆದಿದೆ, ಅದು ಸದ್ದು ಜೋಡಿಸೋ ಪಾಠವೇ ಅಲ್ವಾ? ಕಾಗುಣಿತ ಬಂದಿರೋ ಯಾವ ಅಮ್ಮನಿಗೂ ಫೋನಿಕ್ಸ್ ಹೊಸದಲ್ಲ, ಯಾರೂ ಅವಳಿಗೆ ಹೇಳಿಲ್ಲ ಅಷ್ಟೇ.

ಅದಕ್ಕೆ ಪ್ ಹೇಳೋವಾಗ ಗಂಟಲಿಂದ ಹೇಳ್ಬೇಡಿ, ಪಿಸುಮಾತಲ್ಲಿ ಹೇಳಿ, ದೀಪ ಆರಿಸೋ ಥರ ತುಟಿಯಿಂದ ಪ್ ಅಂತ ಗಾಳಿ ಬಿಡಿ. ಟ್, ಕ್ ಕೂಡ ಹಾಗೇನೆ. ಸ್ ಮ್ ನ್ ಫ್ ಇವೆಲ್ಲ ಇನ್ನೂ ಸುಲಭ, ಎಷ್ಟು ಬೇಕಾದ್ರೂ ಎಳೀಬಹುದು, ಸ್ಸ್ಸ್ ಅಂತ ಕುಕ್ಕರ್ ಥರ. ಎಳೆಯೋಕೆ ಬರೋ ಸದ್ದಿಂದ ಶುರುವಾಗೋ ಪದ ಮೊದ್ಲು ಕೊಡಿ, ಸ್ಸ್ಸ್ ಆ್ಯ ಟ್, ಸ್ಯಾಟ್. ಮ್ಮ್ಮ್ ಆ್ಯ ನ್, ಮ್ಯಾನ್. ಮಧ್ಯದಲ್ಲಿ ಉಸಿರು ಕಡಿಯದೇ ಹಾಡಿನ ಥರ ಎಳೆದು ಸೇರಿಸಿದ್ರೆ ಮಗೂಗೆ ಪದ ತಾನಾಗೇ ಕೇಳಿಸತ್ತೆ. ಬ್ ಡ್ ಗ್ ಸ್ವಲ್ಪ ಹಠಮಾರಿಗಳು, ಅ ಬಿಟ್ಟು ಬರಲ್ಲ. ಅವನ್ನ ಪದದ ಕೊನೇಲಿ ಕೇಳಿಸಿ, ಟಬ್, ಬೆಡ್, ಬ್ಯಾಗ್.

ಕೊನೇಲಿ ಅಂದೆ, ಅಲ್ಲೂ ಒಂದು ತೊಡಕಿದೆ. ನಮ್ಮ ಮಾತಲ್ಲಿ ಪದ ಅರ್ಧಾಕ್ಷರದಲ್ಲಿ ನಿಲ್ಲೋದು ಕಮ್ಮಿ, ನಮಗೆ ಬಸ್ ಅಲ್ಲ ಬಸ್ಸು, ಪೆನ್ನು, ಕಾರು, ಲೈಟು. ಮಗು ಮನೇಲಿ ದಿನಾ ಬಸ್ಸು ಅಂತ ಕೇಳಿಸ್ಕೊಂಡು ಸ್ಕೂಲಲ್ಲಿ ಬಿ ಯು ಎಸ್ ಬರೆಯೋವಾಗ ಕೊನೇಲಿ ಇನ್ನೊಂದು ಯು ಹಾಕಿದ್ರೆ ಅದು ದಡ್ಡತನ ಅಲ್ಲ, ಅದರ ಕಿವಿ ಚೆನ್ನಾಗಿದೆ ಅಂತ ಅರ್ಥ. ಹಾಗೇ ನಮ್ಮ ಕಡೆ ಹಾಲು ಹೋಗಿ ಆಲು ಆಗಿರತ್ತೆ, ಎಂಟು ಹೋಗಿ ಯೆಂಟು ಆಗಿರತ್ತೆ. ಅಂಥ ಮನೆ ಮಗೂಗೆ ಹ್ಯಾಟ್‌ಗೂ ಆ್ಯಟ್‌ಗೂ ವ್ಯತ್ಯಾಸ ಕೇಳಿಸಲ್ಲ, ಎಗ್ ಅನ್ನೋದು ವೈ ಇಂದ ಶುರು ಅಂತ ಅಂದ್ಕೊಳತ್ತೆ. ಬೈಬೇಡಿ. ಅಂಗೈ ಬಾಯಿ ಮುಂದೆ ಹಿಡಿಯೋಕೆ ಹೇಳಿ, ಹ್ ಅಂದಾಗ ಬಿಸಿ ಉಸಿರು ತಾಗತ್ತೆ, ಆ್ಯಟ್ ಅಂದ್ರೆ ತಾಗಲ್ಲ.

ಇನ್ನು ಯಾವ ಅಕ್ಷರ ಮೊದ್ಲು ಅನ್ನೋದು. ಎ ಬಿ ಸಿ ಅಂತ ಹೋದ್ರೆ ಮೂರು ಅಕ್ಷರ ಕಲಿತ ಮೇಲೆ ಮಗು ಓದೋಕಾಗೋದು ಹೆಚ್ಚಂದ್ರೆ ಕ್ಯಾಬ್. ಫೋನಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಇಂದ ಶುರು ಮಾಡ್ತಾರೆ. ಆರೇ ಅಕ್ಷರ, ಪದ ಎಷ್ಟು ನೋಡಿ, ಪಿನ್, ಟಿನ್, ಪ್ಯಾನ್, ಟ್ಯಾಪ್, ನ್ಯಾಪ್, ಸಿಟ್, ಸ್ಪಿನ್, ಆ್ಯಂಟ್. ಇದನ್ನ ಕೇಳಿದ ತಕ್ಷಣ ನಂಗೆ ನಗು ಬಂತು, ಯಾಕಂದ್ರೆ ಇದು ನಮ್ಮ ಸರ್ಕಾರಿ ಸ್ಕೂಲಿನ ಆಡ್ತಾ ಕಲಿಯೋ ಪದ್ಧತಿ, ನಲಿಕಲಿ! 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ಶುರುವಾಗಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಅದರಲ್ಲಿ ನಾವು ಅ ಆ ಇ ಈ ಇಂದ ಶುರು ಮಾಡ್ತಿರ್ಲಿಲ್ಲ, ರ ಗ ಸ ದ ಅ ಇಂದ. ಐದು ಅಕ್ಷರಕ್ಕೇ ಸರ, ರಸ, ಅಗಸ, ಅರಸ, ಗರಗಸ, ದಸರ! ಮೈಸೂರು ಕಡೆ ಮಕ್ಕಳಿಗೆ ಮೊದಲನೇ ತಿಂಗಳಲ್ಲೇ ದಸರ ಓದೋಕೆ ಬಂದ್ರೆ ಹೇಗಿರತ್ತೆ ಖುಷಿ. ಅಪ್ಪ ಅಮ್ಮಂದಿರು ಮಾತ್ರ ಬಂದು ಜಗಳ ಆಡೋರು, "ಏನ್ ಟೀಚರಮ್ಮ, ನಮ್ ಹುಡ್ಗಂಗೆ ಇನ್ನೂ ಆ ಆನೆನೇ ಬರಲ್ಲ" ಅಂತ. ನಲವತ್ತೊಂಬತ್ತು ಅಕ್ಷರದ ವರ್ಣಮಾಲೆ ಸಾಲಾಗಿ ಹೇಳೋದು ಬೇರೆ, ಓದೋದು ಬೇರೆ ಅಂತ ಅವ್ರಿಗೆ ಅರ್ಥ ಮಾಡಿಸೋಷ್ಟರಲ್ಲಿ ಸಾಕಾಗೋದು.

ಈಗ ನಾನು ಮಾಡಿದ ಒಂದು ಆಟ ಹೇಳ್ತೀನಿ, ಖರ್ಚಿಲ್ಲ. ಚೌಕಾಬಾರಕ್ಕೆ ಇಟ್ಟಿದ್ದ ಹುಣಸೆ ಬೀಜ ತಗೊಂಡೆ. ಪದ ಹೇಳ್ತೀನಿ, ಅದರಲ್ಲಿ ಎಷ್ಟು ಸದ್ದು ಕೇಳಿಸತ್ತೋ ಅಷ್ಟು ಬೀಜ ಇಡು ಅಂದೆ. ಕ್ಯಾಟ್ ಅಂದೆ. ಅವ್ನು ಎರಡು ಬೀಜ ಇಟ್ಟ. ಕ್ಯಾ ಒಂದು, ಟ್ ಒಂದು. ಮೂರಿಡ್ಬೇಕಿತ್ತು, ಕ್, ಆ್ಯ, ಟ್. ಆದ್ರೆ ಅವ್ನದು ಕನ್ನಡದ ಕಿವಿ, ಕಾ ಅನ್ನೋದು ನಮಗೆ ಒಂದೇ ಅಕ್ಷರ, ಅದರೊಳಗೆ ಎರಡು ಸದ್ದಿದೆ ಅಂತ ಯಾರು ಗಮನಿಸ್ತಾರೆ? ಸೊನಾಲಿ ನಾಗ್ ಅಂತ ಸಂಶೋಧಕಿ ಇದಾರೆ, ಕನ್ನಡ ಓದೋಕೆ ಕಲೀತಿರೋ ಮಕ್ಕಳ ಬಗ್ಗೆ 2007ರಲ್ಲಿ ಇದನ್ನೇ ಬರೆದಿದಾರೆ, ನಮ್ಮ ಮಕ್ಕಳಿಗೆ ಅಕ್ಷರವನ್ನ ಇಡಿಯಾಗಿ ಹಿಡಿಯೋದು ಬೇಗ ಬರತ್ತೆ, ಅದನ್ನ ಒಡೆದು ಒಳಗಿನ ಬಿಡಿ ಸದ್ದು ಕೇಳಿಸ್ಕೊಳ್ಳೋದು ನಿಧಾನ ಅಂತ. ಅದಕ್ಕೆ ಬೀಜ ಎರಡಿಟ್ರೆ ತಪ್ಪು ಅನ್ಬೇಡಿ. ಕ್ಯಾ ನ ಇನ್ನೂ ಒಡೆಯೋಕಾಗತ್ತಾ ನೋಡು ಅನ್ನಿ. ನನ್ ಮೊಮ್ಮಗನಿಗೆ ನಾಲ್ಕು ದಿನ ಹಿಡೀತು, ಐದನೇ ದಿನ ಶಿಪ್ ಅಂದಿದ್ದಕ್ಕೆ ಸರಿಯಾಗಿ ಮೂರು ಬೀಜ ಇಟ್ಟ. ಬರೆದ್ರೆ ನಾಲ್ಕು ಅಕ್ಷರ, ಎಸ್ ಎಚ್ ಐ ಪಿ, ಆದ್ರೆ ಸದ್ದು ಮೂರೇ, ಎಸ್ಸೂ ಎಚ್ಚೂ ಜೊತೆಯಾಗಿ ಒಂದು ಶ್. ಇಂಗ್ಲಿಷಲ್ಲಿ ಅಕ್ಷರ 26, ಸದ್ದು ಸುಮಾರು 44, ಹಾಗಾಗಿ ಇಂಥ ಜೋಡಿಗಳು ಬೇಕೇ ಬೇಕು, ನಮ್ಮ ಥರ ಸದ್ದಿಗೊಂದು ಅಕ್ಷರ ಮಾಡ್ಕೊಳ್ಳೋಷ್ಟು ಪುರುಸೊತ್ತು ಅವ್ರಿಗಿರ್ಲಿಲ್ಲ ಅನ್ಸತ್ತೆ.

ಇನ್ನೊಂದು ಮುಖ್ಯ. ಚಿತ್ರ ನೋಡಿ ಊಹೆ ಮಾಡೋ ಅಭ್ಯಾಸ. ಇವ್ನ ಪುಸ್ತಕದಲ್ಲಿ ಮಡಕೆ ಚಿತ್ರ, ಕೆಳಗೆ ಪಾಟ್ ಅಂತ ಇತ್ತು. ಬೆರಳಿಟ್ಟು "ಮಡಿಕೆ" ಅಂತ ಜೋರಾಗಿ ಓದಿದ! ನಕ್ಕೆ, ಆದ್ರೆ ಆಮೇಲೆ ಚಿತ್ರದ ಮೇಲೆ ಕೈ ಮುಚ್ಚಿಟ್ಟೆ. ಚಿತ್ರ ನೋಡೋದು ಬೇಡ ಅಂತಲ್ಲ, ಮೊದ್ಲು ಅಕ್ಷರ ನೋಡಿ ಓದ್ಲಿ, ಆಮೇಲೆ ಚಿತ್ರ ತೆಗೆದು ಸರಿಯಾಯ್ತಾ ಅಂತ ನೋಡ್ಲಿ. ಹೀಗೆ ಊಹೆ ಮಾಡಿಸೋದೋ ಸದ್ದು ಜೋಡಿಸೋದೋ ಅಂತ ಇಂಗ್ಲೆಂಡಲ್ಲೇ ದೊಡ್ಡ ವಾದ ನಡೀತು. 2006ರಲ್ಲಿ ಜಿಮ್ ರೋಸ್ ಅನ್ನೋರು ಸರ್ಕಾರಕ್ಕೆ ವರದಿ ಕೊಟ್ಟು ಸದ್ದು ಜೋಡಿಸೋದೇ ಮೊದ್ಲು ಆಗ್ಬೇಕು ಅಂದ್ರು, 2012ರಿಂದ ಐದಾರು ವರ್ಷದ ಮಕ್ಕಳಿಗೆಲ್ಲ ಅಲ್ಲಿ ಒಂದು ಸಣ್ಣ ಪರೀಕ್ಷೆ, 40 ಪದ ಓದ್ಬೇಕು, ಅದರಲ್ಲಿ 20 ಸುಳ್ಳು ಪದ, ಅರ್ಥಾನೇ ಇಲ್ದೇ ಇರೋವು. ಬಾಯಿಪಾಠ ಮಾಡಿದ್ಯೋ ನಿಜವಾಗ್ಲೂ ಓದ್ತೀಯೋ ಅಂತ ಗೊತ್ತಾಗ್ಲಿ ಅಂತ. ಅಲ್ಲೂ ಇದನ್ನ ಒಪ್ಪದ ಟೀಚರ್‌ಗಳಿದಾರೆ, ಪುಟ್ಟ ಮಕ್ಕಳಿಗೆ ಪರೀಕ್ಷೆ ಅಂದ್ರೆ ನಂಗೂ ಆಗಲ್ಲ. ಆದ್ರೆ ಸುಳ್ಳು ಪದದ ಆಟ ಮಾತ್ರ ಬಹಳ ಚೆನ್ನಾಗಿದೆ, ನಮ್ಮ ಮಕ್ಕಳಿಗಂತೂ ಅದು ರಕ್ತದಲ್ಲೇ ಇದೆ, ಕಾಫಿ ಗೀಫಿ, ಪುಸ್ತಕ ಗಿಸ್ತಕ ಅಂತ ದಿನಾ ಮಾಡೋದು ಇದನ್ನೇ ಅಲ್ವಾ. ಮೊದಲನೇ ಸದ್ದು ಕಿತ್ತು ಬೇರೆ ಹಾಕೋದು. ಪ್ಯಾನ್‌ನಲ್ಲಿ ಪ್ ತೆಗೆದು ಝ್ ಹಾಕು ಅಂದ್ರೆ ಝ್ಯಾನ್ ಅಂತ ಕೇಕೆ ಹಾಕ್ತಾನೆ.

ದಿನಕ್ಕೆ ಎಷ್ಟು ಹೊತ್ತು ಅಂತ ಕೇಳ್ತೀರಿ. ಹತ್ತು ನಿಮಿಷ, ಹದಿನೈದು ನಿಮಿಷ. ಮಗು ಆಕಳಿಸಿದ್ರೆ ಪುಸ್ತಕ ಮುಚ್ಚಿ. ಸದ್ದಿನ ಪಾಠದ ಜೊತೆ ಕತೆ ಓದಿ ಹೇಳೋದನ್ನ ಮಾತ್ರ ಬಿಡ್ಬೇಡಿ, ಕನ್ನಡದಲ್ಲೇ ಹೇಳಿ, ಪ್ಯಾನ್ ಅಂತ ಜೋಡಿಸಿ ಓದಿದೋನಿಗೆ ಪ್ಯಾನ್ ಅಂದ್ರೆ ಬಾಣಲಿ ಅಂತ ಗೊತ್ತಿಲ್ದೇ ಇದ್ರೆ ಏನ್ ಓದಿದ ಹಾಗಾಯ್ತು? ವಿ ಮತ್ತೆ ಡಬ್ಲ್ಯೂಗೆ ನಮ್ಮ ಬಾಯಲ್ಲಿ ಒಂದೇ ವ ಬರತ್ತೆ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಓದೋಕೆ ಏನೂ ಅಡ್ಡಿ ಇಲ್ಲ.

ಮೂರಕ್ಷರದ ಪದ ಸಲೀಸಾದ ಮೇಲೆ ಕೊನೇಲಿ ಬರೋ ಸುಮ್ನಿರೋ ಇ ತೋರಿಸಿ. ಅದು ತಾನು ಬಾಯಿ ಬಿಡಲ್ಲ, ಮಧ್ಯದಲ್ಲಿರೋ ಸ್ವರಕ್ಕೆ ಮಾತ್ರ ತನ್ನ ಹೆಸರು ಹೇಳಿಸತ್ತೆ. ಟ್ಯಾಪ್ ಕೊನೇಲಿ ಇ ಕೂತ್ರೆ ಟೇಪ್, ಪಿನ್ ಹೋಗಿ ಪೈನ್, ಕಿಟ್ ಹೋಗಿ ಕೈಟ್. ಇವ್ನು ಅದಕ್ಕೆ ಪೊಲೀಸ್ ಇ ಅಂತ ಹೆಸರಿಟ್ಟಿದಾನೆ, ದೂರದಲ್ಲಿ ನಿಂತೇ ಹೆದರಿಸತ್ತಂತೆ.

ಆದ್ರೆ ನಿಯಮಕ್ಕೆ ಸಿಗದೇ ಇರೋ ಪದಗಳಿರತ್ವೆ, ಒನ್, ಸೆಡ್, ವಾಸ್. ಓ ಎನ್ ಇ ಯಾಕೆ ಒನ್ ಅಂದ್ರೆ ನಾನೇನ್ ಹೇಳ್ಲಿ. ವಾರಕ್ಕೆ ಎರಡೋ ಮೂರೋ ಸುಮ್ನೆ ನೆನಪಿಟ್ಕೊಳ್ಳೋಕೆ ಕೊಟ್ಟೆ. ನೈಫ್ ಬಂದಾಗ ಮಾತ್ರ ಪಟ್ಟು ಹಿಡಿದ, ಅಜ್ಜಿ ಮುಂದೆ ಕೆ ಇದೆ, ನೀನು ಬಿಟ್ಟೆ ಅಂತ. ನಾನೂ ಇದೊಂದನ್ನ ತಿಳ್ಕೊಂಡಿದ್ದೆ, ಹಿಂದಿನ ಕಾಲದಲ್ಲಿ ಇಂಗ್ಲಿಷಿನೋರು ಆ ಕ್ ನ ಹೇಳ್ತಾನೇ ಇದ್ರು ಕಣೋ, ಆಮೇಲೆ ಬಾಯಿಂದ ಬಿದ್ದೋಯ್ತು, ಬರೆಯೋದ್ರಲ್ಲಿ ಉಳ್ಕೊಂತು ಅಂದೆ. ಅವ್ನು ಸ್ವಲ್ಪ ಹೊತ್ತು ಯೋಚನೆ ಮಾಡಿದ, "ಹಂಗಾದ್ರೆ ನಾನು ಹೇಳ್ತೀನಿ ಬಿಡು" ಅಂದ. ರಜ ಮುಗಿಯೋವರೆಗೂ ನಮ್ಮನೇಲಿ ಮಾವಿನಹಣ್ಣು ಹೆಚ್ಚಬೇಕಾದ್ರೆ ಎಲ್ರೂ ಕೇಳಿದ್ದು ಕ್ನೈಫೇ. ಅವ್ನ ತಾತ ಈಗ್ಲೂ ಹಾಗೇ ಅಂತಾರೆ.

ನಮಸ್ಕಾರ.