ಓದುವವರಿಗಾಗಿ ಕಟ್ಟಿದ ಕಟ್ಟಡ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ ನಾಗಾವಿಗೆ ಹೋದವರೆಲ್ಲ ಅರವತ್ತು ಕಂಬದ ಗುಡಿ ನೋಡಿ ಬರುತ್ತಾರೆ. ಅದೇ ಊರಿನ 1058ರ ಶಾಸನವೊಂದು ಅಲ್ಲಿದ್ದ ಘಟಿಕಾಸ್ಥಾನದ, ಅಂದರೆ ಆ ಕಾಲದ ದೊಡ್ಡ ವಿದ್ಯಾಲಯದ ಲೆಕ್ಕ ಕೊಡುತ್ತದೆ. ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 52, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಆರು ಮಂದಿ! ಇಂದು ಎಷ್ಟೋ ಊರುಗಳ ಗ್ರಂಥಾಲಯಗಳಲ್ಲಿ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪುಸ್ತಕ ಕೊಡುವುದು ಎಲ್ಲವೂ ಒಬ್ಬರ ಹೆಗಲ ಮೇಲೆ.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಮದರಸಾ, ಅಂದರೆ ವಿದ್ಯಾಲಯ, ಕಟ್ಟಿಸಿದ್ದು 1472ರಲ್ಲಿ. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಕೋಣೆಗಳಿಗೆ ಗಾಳಿ ಬೆಳಕು ಬರುವ ಹಾಗೆ ಕಮಾನುಗಳು. ಅಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಔರಂಗಜೇಬನ ಕಾಲದಲ್ಲಿ ಅಲ್ಲಿಟ್ಟಿದ್ದ ಸಿಡಿಮದ್ದು ಸಿಡಿದು ಒಂದು ಭಾಗವೇ ಹಾರಿಹೋಯಿತು. ಆದರೂ ಉಳಿದ ಮಿನಾರಿನ ಹಸಿರು, ನೀಲಿ ಹೆಂಚಿನ ತುಂಡುಗಳ ಮುಂದೆ ನಿಂತರೆ, ಓದುವ ಜಾಗಕ್ಕೆ ಅವರು ಎಷ್ಟು ಮರ್ಯಾದೆ ಕೊಟ್ಟಿದ್ದರೆಂದು ಗೊತ್ತಾಗುತ್ತದೆ.

ಈಗಿನ ಸಣ್ಣ ಊರಿನ ಗ್ರಂಥಾಲಯ ಎಂದರೆ ಬೇರೆ ಯಾವುದೋ ಕಚೇರಿ ಖಾಲಿ ಮಾಡಿದ ಕೋಣೆ. ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಕಪಾಟು, ಹಗಲಿನಲ್ಲೂ ಟ್ಯೂಬ್‌ಲೈಟ್. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನಾಡಿನಲ್ಲಿ ಮೇಲೆ ತಗಡು! ಮಧ್ಯಾಹ್ನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆವರು ತಾಗಿ ಹಾಳೆ ಅಂಟದಿರಲೆಂದು ಮೊಣಕೈ ಕೆಳಗೆ ಕರವಸ್ತ್ರ ಹಾಸಿಕೊಂಡು ಬರೆಯುತ್ತಾರೆ. ಇದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಕಾಲಿಗೆ ತಂಪಾಗಿರುವ ಶಹಾಬಾದಿ ಕಲ್ಲು ನಮ್ಮ ನೆಲದಲ್ಲೇ ಸಿಗುತ್ತದೆ, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ ಇದೆ. ದಪ್ಪ ಗೋಡೆ, ಎತ್ತರದ ಸೂರು, ಉತ್ತರಕ್ಕೆ ದೊಡ್ಡ ಕಿಟಕಿ ಇಟ್ಟು ಕಟ್ಟಲು ಹೊರಗಿನಿಂದ ಯಾರೂ ಬರಬೇಕಾಗಿಲ್ಲ. ಹಳೆಯ ಗಟ್ಟಿ ಕಟ್ಟಡವಿದ್ದರೆ ಅದನ್ನು ಕೆಡವುವ ಮಾತು ಬೇಡ. ಸೋರುವ ಸೂರನ್ನು ಮೊದಲು ದುರಸ್ತಿ ಮಾಡಲಿ.

ದುಡ್ಡಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ಆ ಸಾಲನ್ನು ಹುಡುಕಿ. ವಸೂಲಾದದ್ದೆಷ್ಟು, ಗ್ರಂಥಾಲಯ ಇಲಾಖೆಗೆ ಕೊಟ್ಟದ್ದೆಷ್ಟು ಎಂದು ನಿಮ್ಮ ಪುರಸಭೆಗೆ ಅರ್ಜಿ ಬರೆದು ಕೇಳಿ. ಉತ್ತರ ಬಂದರೆ ಇಲ್ಲಿ ಹಾಕಿ, ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಹೇಳಿ ಓದುತ್ತೇನೆ.