ಒಂದು ಸುತ್ತಿನಲ್ಲಿ ಒಂದೇ ತಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲಿಷ್ ಪ್ಯಾಸೇಜಿನಲ್ಲಿ ತಪ್ಪು ತಿದ್ದುವುದನ್ನು ಹೇಗೆ ಅಭ್ಯಾಸ ಮಾಡಬೇಕು ಅಂತ ಇವತ್ತು ಮಾತಾಡೋಣ. ಈಗಷ್ಟೇ ಇಂಗ್ಲಿಷ್ ಕಲಿಯಲು ಹೊರಟವರಿಗೆ ಇದು ಅಲ್ಲ. ಇಂಗ್ಲಿಷ್ ಪೇಪರ್ ಓದುತ್ತೀರಿ, ಹೋಂಸ್ಟೇಗೆ ಬಂದವರ ಹತ್ತಿರ ಸಲೀಸಾಗಿ ಮಾತಾಡುತ್ತೀರಿ, ಡಿಗ್ರಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ. ಆದರೂ ಪರೀಕ್ಷೆಯಲ್ಲಿ ತಪ್ಪು ಹುಡುಕಿ ಅಂದ ತಕ್ಷಣ ಕೈ ನಡುಗುತ್ತದೆ. ಅಂಥವರಿಗೆ ಈ ಮಾತು.

ಕೊಡಗಿನಲ್ಲಿ ಅಂಥವರು ಜಾಸ್ತಿ. ಕಾರ್ಯಪ್ಪ, ತಿಮ್ಮಯ್ಯನವರ ನಾಡು ಇದು. ಮನೆಗೊಬ್ಬರಾದರೂ ಸೈನ್ಯದ ಕನಸು ಕಾಣುತ್ತಾರೆ. ಯುಪಿಎಸ್‌ಸಿ ನಡೆಸುವ ಸಿಡಿಎಸ್, ಅಂದರೆ ಸೇನಾಧಿಕಾರಿಗಳ ಆಯ್ಕೆಯ ಪರೀಕ್ಷೆ ಬರೆಯುತ್ತಾರೆ. ಅದರ ಇಂಗ್ಲಿಷ್ ಪತ್ರಿಕೆಗೆ 2 ಗಂಟೆ, 100 ಅಂಕ, 120 ಪ್ರಶ್ನೆ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದಲ್ಲಿ ಮೂರನೇ ಒಂದು ಭಾಗ ಕಟ್. ತಪ್ಪು ಹುಡುಕುವ ಪ್ರಶ್ನೆಯಲ್ಲಿ ವಾಕ್ಯವನ್ನು ತುಂಡು ಮಾಡಿ ಕೊಟ್ಟಿರುತ್ತಾರೆ, ಕೊನೆಗೆ 'ನೋ ಎರರ್' ಅನ್ನುವ ಆಯ್ಕೆ ಇಟ್ಟಿರುತ್ತಾರೆ. ನಮ್ಮ ಮಕ್ಕಳು ಜಾರುವುದು ಅಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ಎಡಿಟಿಂಗ್ ಪ್ರಶ್ನೆ ಮಾಡಿದ್ದು ನೆನಪಿದೆಯಲ್ಲ? ಇಲ್ಲಿ ಎರಡು ತಪ್ಪಿದೆ, ಒಂದು ಕ್ಯಾಪಿಟಲ್ ಅಕ್ಷರದ್ದು, ಇನ್ನೊಂದು ಪ್ರಿಪೊಸಿಷನ್‌ದು ಅಂತ ಸುಳಿವು ಕೊಟ್ಟೇ ಕೇಳುತ್ತಾರೆ. ದೊಡ್ಡ ಪರೀಕ್ಷೆಯಲ್ಲಿ ಯಾರೂ ಸುಳಿವು ಕೊಡಲ್ಲ. ತಪ್ಪು ಇದೆಯೋ ಇಲ್ಲವೋ ಅಂತಲೂ ಹೇಳಲ್ಲ. ಕೇಂಬ್ರಿಡ್ಜ್‌ನವರ ಅಡ್ವಾನ್ಸ್ಡ್ ಪರೀಕ್ಷೆಯಲ್ಲೂ 2008ರವರೆಗೆ ಇಂಥದ್ದೇ ಒಂದು ಭಾಗ ಇತ್ತು. ಸಾಲಿಗೊಂದು ಬೇಡದ ಪದ ಸೇರಿಸಿರುತ್ತಿದ್ದರು, ನಡುವೆ ಕೆಲವು ಸಾಲುಗಳನ್ನು ಸರಿಯಾಗಿಯೇ ಬಿಡುತ್ತಿದ್ದರು. ಸರಿ ಇರುವುದನ್ನು ಸರಿ ಎಂದು ಬಿಡುವ ಧೈರ್ಯ ಇದೆಯಾ ಅಂತ ನೋಡುವುದಕ್ಕೆ.

ನಾನು ಹೇಳಬೇಕಾದ್ದು ಒಂದೇ ಮಾತು, ಈಗಲೇ ಹೇಳಿಬಿಡುತ್ತೇನೆ. ಪ್ಯಾಸೇಜನ್ನು ಮೇಲಿಂದ ಕೆಳಗೆ ಒಂದು ಸಲ ಓದಿದರೆ ಒಂದು ಸುತ್ತು. ಒಂದು ಸುತ್ತಿನಲ್ಲಿ ಒಂದೇ ಜಾತಿಯ ತಪ್ಪು ಹುಡುಕಿ. ಎಲ್ಲವನ್ನೂ ಒಂದೇ ಸಲ ಹುಡುಕಬೇಡಿ. ಬರೆದಿಟ್ಟುಕೊಳ್ಳಿ.

ಹತ್ತಿರ ಪೆನ್ನು ಇದ್ದರೆ ಹಿಡಿಯಿರಿ. ಒಂದು ಸಣ್ಣ ಪ್ಯಾಸೇಜ್ ಓದುತ್ತೇನೆ. ನಾನೇ ಬರೆದದ್ದು, ನಮ್ಮ ತೀರ್ಥೋದ್ಭವದ ಬಗ್ಗೆ. ಏಳು ಸಾಲು. ನಿಧಾನವಾಗಿ ಓದುತ್ತೇನೆ.

ಒಂದನೇ ಸಾಲು. ದಿ ಕಾವೇರಿ ರೈಸಸ್ ಅಟ್ ತಲಕಾವೇರಿ, ಇನ್ ದಿ ಬ್ರಹ್ಮಗಿರಿ ಹಿಲ್ಸ್.

ಎರಡು. ಎವೆರಿ ಅಕ್ಟೋಬರ್, ಎ ಲಾರ್ಜ್ ನಂಬರ್ ಆಫ್ ಪಿಲ್‌ಗ್ರಿಮ್ಸ್ ವಿಸಿಟ್ಸ್ ದಿ ಪ್ಲೇಸ್.

ಮೂರು. ದಿ ನಂಬರ್ ಆಫ್ ವೆಹಿಕಲ್ಸ್ ಆನ್ ದಿ ರೋಡ್ ಹ್ಯಾಸ್ ಇನ್‌ಕ್ರೀಸ್ಡ್.

ನಾಲ್ಕು. ಲಾಸ್ಟ್ ಇಯರ್ ವಿ ಹ್ಯಾವ್ ರೀಚ್ಡ್ ಭಾಗಮಂಡಲ ಬಿಫೋರ್ ಸನ್‌ರೈಸ್.

ಐದು. ದಿ ಪೊಲೀಸ್ ವರ್ ಗಿವಿಂಗ್ ಪೀಪಲ್ ಆಲ್ ದಿ ಇನ್‌ಫರ್ಮೇಶನ್ಸ್ ದೇ ನೀಡೆಡ್.

ಆರು. ವಿ ಡಿಸ್ಕಸ್ಡ್ ಅಬೌಟ್ ದಿ ರೂಟ್ ಓವರ್ ಎ ಕಪ್ ಆಫ್ ಕಾಫಿ.

ಏಳು. ನೋ ಸೂನರ್ ಹ್ಯಾಡ್ ವಿ ಪಾರ್ಕ್ಡ್ ದಿ ಜೀಪ್ ವೆನ್ ಇಟ್ ಬಿಗ್ಯಾನ್ ಟು ರೈನ್.

ಇದೇ ಪ್ಯಾಸೇಜನ್ನು ಸುಂಟಿಕೊಪ್ಪದ ಹತ್ತಿರದ ಒಂದು ತೋಟದ ಮನೆಯಲ್ಲಿ ಒಬ್ಬ ಹುಡುಗಿಗೆ ಕೊಟ್ಟಿದ್ದೆ. ಸಿಡಿಎಸ್‌ಗೆ ಓದುತ್ತಿದ್ದಳು. ಜಾಣೆ. ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದುವವಳು. ಕಾಗದ ಕೊಟ್ಟು, ಅವರ ಅಮ್ಮ ತಂದಿಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತಿದ್ದಿ ತಂದಳು. ನೋಡಿದರೆ ಪೂರ್ತಿ ಕೆಂಪು! ಏಳು ಸಾಲಿನಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಮೊದಲ ಸಾಲಿನ 'ರೈಸಸ್' ಹೊಡೆದು 'ಒರಿಜಿನೇಟ್ಸ್' ಅಂತ ಬರೆದಿದ್ದಳು. ಯಾಕಮ್ಮ ಅಂತ ಕೇಳಿದೆ. "ಇದು ಇನ್ನೂ ಚೆನ್ನಾಗಿದೆ ಮೇಡಂ" ಅಂದಳು. ಚೆನ್ನಾಗಿ ಮಾಡು ಅಂತ ಯಾರು ಕೇಳಿದ್ದರು? ತಪ್ಪು ತೆಗಿ ಅಂತ ತಾನೇ ಹೇಳಿದ್ದು? ಇಂಗ್ಲಿಷ್ ಚೆನ್ನಾಗಿ ಬರುವವರ ಮೊದಲ ರೋಗ ಇದು. ತಿದ್ದುವ ಬದಲು ಹೊಸದಾಗಿ ಬರೆಯುತ್ತಾರೆ. ಮೂರನೇ ಸಾಲಿನಲ್ಲಿ 'ಹ್ಯಾಸ್' ಇದ್ದದ್ದನ್ನು 'ಹ್ಯಾವ್' ಮಾಡಿದ್ದಳು. ಐದರಲ್ಲಿ ಎಸ್ ತೆಗೆದಿದ್ದಳು, ಅದು ಸರಿ. ಎರಡನೇ ಸಾಲಿನಲ್ಲಿ ಅರ್ಧ ವಾಕ್ಯ ಬದಲಾಯಿಸಿದ್ದಳು, ಆದರೆ 'ವಿಸಿಟ್ಸ್' ಹಾಗೇ ಕೂತಿತ್ತು. ಆರನೇ ಸಾಲಿನಲ್ಲಿ ರೂಟ್‌ನ ಸ್ಪೆಲಿಂಗ್ ಬಗ್ಗೆ ಅನುಮಾನ ಪಟ್ಟಿದ್ದಳು. 'ಡಿಸ್ಕಸ್ಡ್ ಅಬೌಟ್' ಕಣ್ಣಿಗೇ ಬಿದ್ದಿರಲಿಲ್ಲ.

ಅವರ ಅಮ್ಮ ಅಲ್ಲೇ ಮೇಜಿನ ಆ ತುದಿಯಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಹರಡಿಕೊಂಡು ಕೂತಿದ್ದರು. ಮರುದಿನ ಸಂತೆ. ಹಾಗಾಗಿ ಅವತ್ತು ಬಟವಾಡೆ. ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಯಾರು ಎಷ್ಟು ದಿನ ಬಂದರು, ಅರ್ಧ ದಿನ ಯಾರದ್ದು, ಮುಂಗಡ ಎಷ್ಟು ಹೋಗಿದೆ, ಕೈಗೆ ಎಷ್ಟು ಸೇರಬೇಕು. ಒಂದು ಗೀಟು ಹೆಚ್ಚುಕಡಿಮೆಯಾದರೂ ಸಂಜೆ ಅಂಗಳದಲ್ಲಿ ಮಾತು ಬರುತ್ತದೆ. ಅವರು ಸ್ಕೇಲನ್ನು ಒಂದು ಹೆಸರಿನ ಕೆಳಗೆ ಇಟ್ಟು, ದಿನಗಳನ್ನು ಮಾತ್ರ ಎಣಿಸುತ್ತಿದ್ದರು. ಕೊನೆಯ ಹೆಸರಿನವರೆಗೆ ದಿನ ಎಣಿಸಿ ಮುಗಿಸಿದರು. ಮತ್ತೆ ಮೇಲಿಂದ ಶುರು ಮಾಡಿದರು, ಈ ಸಲ ಮುಂಗಡ ಮಾತ್ರ. ಆಮೇಲೆ ಮೂರನೇ ಸಲ, ಕೂಡಿಸಿದ್ದು ಸರಿಯಾ ಅಂತ. ನಾನು ಸುಮ್ನೆ ಕೇಳಿದೆ, ಒಂದೇ ಸಲ ಅಡ್ಡಕ್ಕೆ ನೋಡಿಕೊಂಡು ಹೋದರೆ ಬೇಗ ಆಗಲ್ವಾ? ಅವರು ತಲೆ ಎತ್ತದೆ, "ಹಂಗೆ ನೋಡಿದ್ರೆ ಮೂರರಲ್ಲೂ ಒಂದೊಂದು ಉಳ್ಕೊಳ್ತದೆ ಮೇಡಂ" ಅಂದರು.

ನನಗೆ ಕುತೂಹಲ ತಡೆಯಲಿಲ್ಲ. ಪ್ಯಾಸೇಜಿನ ಇನ್ನೊಂದು ಪ್ರತಿ ಅವರ ಮುಂದಿಟ್ಟೆ. "ಅಯ್ಯೋ, ಪಿಯುಸಿ ಆದ್ಮೇಲೆ ಇಂಗ್ಲಿಷ್ ಮುಟ್ಟಿಲ್ಲ" ಅಂತ ನಕ್ಕರು. ಆದರೂ ಸ್ಕೇಲ್ ಇಟ್ಟರು. ಮಗಳ ಕಡೆ ತಿರುಗಿ, "ಇದರಲ್ಲಿ ವರ್ಬ್ ಯಾವುದು, ತೋರಿಸು, ಬೇರೇನೂ ಹೇಳ್ಬೇಡ" ಅಂದರು. ಎರಡನೇ ಸಾಲಿಗೆ ಬಂದಾಗ 'ವಿಸಿಟ್ಸ್' ಮೇಲೆ ಬೆರಳಿಟ್ಟು ಕೇಳಿದರು. "ಹೋಗೋದು ಯಾರು?"

"ಪಿಲ್‌ಗ್ರಿಮ್ಸ್."

"ಒಬ್ಬರಾ, ತುಂಬಾ ಜನನಾ?"

"ತುಂಬಾ ಜನ."

"ಮತ್ತೆ ಈ ಎಸ್ ಯಾಕೆ?"

ಹುಡುಗಿ ಮಾತಾಡಲಿಲ್ಲ. ಮೂರನೇ ಸಾಲು. "ಹೆಚ್ಚಾಗಿದ್ದು ಗಾಡಿನಾ, ಗಾಡಿಯ ಸಂಖ್ಯೆನಾ?" "ಸಂಖ್ಯೆ." "ಅದು ಒಂದೇ ತಾನೇ? ಸರಿ ಇದ್ದದ್ದನ್ನು ಯಾಕೆ ಕೆಡಿಸಿದೆ?" ನಾಲ್ಕನೇ ಸಾಲಿನಲ್ಲಿ, "ಹೋದ ವರ್ಷ ಮುಗಿದುಹೋದ ಕತೆ, ಹ್ಯಾವ್ ಯಾಕೆ ಬಂತು?" ಅಂದರು. ಐದರಲ್ಲಿ ಮಾತ್ರ ಎಡವಿದರು. ಪೊಲೀಸ್ ಒಬ್ಬನೇ ಅಲ್ವಾ, 'ವಾಸ್' ಇರಬೇಕು ಅಂದರು. ಮಗಳಿಗೆ ಎಲ್ಲಿಲ್ಲದ ಖುಷಿ! ಇಂಗ್ಲಿಷ್‌ನಲ್ಲಿ ಪೊಲೀಸ್ ಅಂದರೆ ಯಾವಾಗಲೂ ಬಹುವಚನ ಅಂತ ಅಮ್ಮನಿಗೇ ಪಾಠ ಮಾಡಿದಳು. ಆಗಲಿ. ಆದರೆ ವರ್ಬ್ ವಿಷಯದಲ್ಲಿ ಮಗಳು ಬಿಟ್ಟಿದ್ದ ತಪ್ಪು ಅಮ್ಮನಿಗೆ ಸಿಕ್ಕಿತು. ಗ್ರಾಮರ್ ಮಗಳಿಗೇ ಜಾಸ್ತಿ ಗೊತ್ತು. ಅಮ್ಮ ಒಂದು ಸುತ್ತಿಗೆ ಒಂದನ್ನೇ ಹುಡುಕಿದರು, ಅಷ್ಟೇ ವ್ಯತ್ಯಾಸ.

ಈ ಕತೆಯನ್ನು ನಾನು ಎಲ್ಲಾ ಕಡೆ ಹೇಳುತ್ತೇನೆ. ಹೇಳಿದಷ್ಟೂ ಉದ್ದವಾಗುತ್ತದೆ. ಕ್ಷಮಿಸಿ, ಗಡಿಯಾರ ನೋಡುತ್ತಿದ್ದೇನೆ. ಬೇಗ ಬೇಗ ಹೇಳುತ್ತೇನೆ.

ಮೊದಲ ಸುತ್ತಿಗೂ ಮುಂಚೆ ಪ್ಯಾಸೇಜನ್ನು ಪೆನ್ನಿಲ್ಲದೆ ಪೂರ್ತಿ ಓದಿ. ಕತೆ ಹಿಂದಿನದಾ, ಈಗಿನದಾ ಅಂತ ಗೊತ್ತಾಗಲಿ ಅಂತ. ಆಮೇಲೆ ಮೊದಲ ಸುತ್ತು, ವರ್ಬ್ ಮಾತ್ರ. ಪ್ರತಿ ವರ್ಬ್‌ಗೂ ಎರಡು ಪ್ರಶ್ನೆ: ಯಾರು, ಯಾವಾಗ. 'ಎ ನಂಬರ್ ಆಫ್' ಬಂದರೆ ಬಹುವಚನ, 'ದಿ ನಂಬರ್ ಆಫ್' ಬಂದರೆ ಏಕವಚನ, ಇದು ಸಿಡಿಎಸ್ ಬರೆಯುವ ಎಲ್ಲರಿಗೂ ಬಾಯಿಪಾಠ ಇರಬೇಕು. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಉದ್ದದ ತುಣುಕು ಸೇರಿಸಿರುತ್ತಾರೆ. 'ಆನ್ ದಿ ರೋಡ್' ಇದೆಯಲ್ಲ, ಅಂಥದ್ದು. ಅದನ್ನು ಬೆರಳಿನಿಂದ ಮುಚ್ಚಿ ಓದಿ, ಉತ್ತರ ತಾನಾಗಿ ಕಾಣುತ್ತದೆ.

ಎರಡನೇ ಸುತ್ತು, ನಾಮಪದಗಳು. ಎಣಿಸಬಹುದಾ, ಆಗಲ್ವಾ? ಇನ್‌ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಇವಕ್ಕೆ ಎಸ್ ಬರಲ್ಲ. ಹೋಂಸ್ಟೇ ಬೋರ್ಡುಗಳಲ್ಲಿ 'ಲಗೇಜಸ್' ಅಂತ ನೋಡಿ ನೋಡಿ ನನಗೆ ಸಾಕಾಗಿದೆ. ಎ, ಆ್ಯನ್, ದಿ ಕೂಡ ಇದೇ ಸುತ್ತಿನಲ್ಲಿ.

ಮೂರನೇ ಸುತ್ತು, ಸಣ್ಣ ಪದಗಳು. ಇದೇ ಕಷ್ಟದ ಸುತ್ತು, ಯಾಕೆ ಅಂತ ಹೇಳುತ್ತೇನೆ. "ಜೋರಾಗಿ ಓದಿದರೆ ಕಿವಿಗೇ ಗೊತ್ತಾಗುತ್ತೆ ಮೇಡಂ" ಅಂತ ಮಕ್ಕಳು ಹೇಳುತ್ತಾರೆ. ಇಂಗ್ಲಿಷ್ ಮನೆಮಾತಾದವರಿಗೆ ಸರಿ. ನಮ್ಮ ಕಿವಿ ಪಳಗಿರುವುದು ನಮ್ಮ ಸುತ್ತಲಿನ ಇಂಗ್ಲಿಷಿಗೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಮೀಟಿಂಗಿನಲ್ಲಿ ಎಲ್ಲರೂ 'ಡಿಸ್ಕಸ್ ಅಬೌಟ್' ಅನ್ನುತ್ತಾರೆ. ಕನ್ನಡದಲ್ಲಿ ಯಾವುದರದ್ದೋ ಬಗ್ಗೆ ಚರ್ಚೆ ಮಾಡುತ್ತೇವಲ್ಲ, ಹಾಗಾಗಿ ನಾಲಿಗೆಗೂ ಹಿತ, ಕಿವಿಗೂ ಹಿತ. ಊರಿಗೆಲ್ಲ ಇರುವ ತಪ್ಪನ್ನು ಕಿವಿ ಹಿಡಿಯಲ್ಲ. ಅದನ್ನು ಹುಡುಕಿಕೊಂಡೇ ಹೋಗಬೇಕು, ಅದಕ್ಕಂತಲೇ ಒಂದು ಸುತ್ತು ಬೇಕು. 'ಆರ್ಡರ್ ಫಾರ್ ಕಾಫಿ', 'ರಿಟರ್ನ್ ಬ್ಯಾಕ್', 'ಕೋಪ್ ಅಪ್ ವಿತ್', ಎಲ್ಲ ಇದೇ ಗುಂಪು. ಅಬೌಟ್, ಫಾರ್, ಬ್ಯಾಕ್, ಅಪ್, ಇವು ಇಲ್ಲಿ ಬೇಡದ ಪದಗಳು. ಜೋಡಿ ಪದಗಳನ್ನೂ ಇಲ್ಲೇ ನೋಡಿ. 'ನೋ ಸೂನರ್' ಬಂದರೆ 'ದ್ಯಾನ್' ಬರಬೇಕು. 'ಹಾರ್ಡ್ಲಿ' ಬಂದರೆ 'ವೆನ್'. ಏಳನೇ ಸಾಲಿನ ತಪ್ಪು ಈಗ ಸಿಕ್ಕಿತಲ್ಲ? ಅಂದಹಾಗೆ ಒಂದು ಮತ್ತು ಮೂರನೇ ಸಾಲಿನಲ್ಲಿ ತಪ್ಪೇ ಇಲ್ಲ.

ಪರೀಕ್ಷೆಯಲ್ಲಿ ಒಂದು ನಿಮಿಷದಲ್ಲಿ ಮೂರು ಸುತ್ತು ಹೇಗೆ ಮೇಡಂ ಅಂತ ಕೇಳುತ್ತೀರಿ, ಗೊತ್ತು. ಅಲ್ಲಿರುವುದು ಒಂದೇ ವಾಕ್ಯ. ಮನೆಯಲ್ಲಿ ಪ್ಯಾಸೇಜ್ ಮೇಲೆ ನಿಧಾನವಾಗಿ ಮಾಡಿ ಮಾಡಿ ಅಭ್ಯಾಸವಾದರೆ, ಒಂದು ವಾಕ್ಯದ ಮೇಲೆ ಮೂರು ಸಲ ಕಣ್ಣಾಡಿಸಲು ಎಷ್ಟು ಹೊತ್ತು ಬೇಕು? ಮೊದಲ ದಿನದಿಂದಲೇ ವಾಚ್ ಇಟ್ಟುಕೊಂಡು ಓಡಬೇಡಿ.

ಇನ್ನೊಂದು. ತಿದ್ದಿದ ಪ್ರತಿಯೊಂದರ ಪಕ್ಕ ಕಾರಣ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಾಲ್ಕು ಪದ ಸಾಕು. 'ಯಾತ್ರಿಕರು ತುಂಬಾ, ಎಸ್ ಬೇಡ.' ಕಾರಣ ಬರೆಯಲು ಆಗದಿದ್ದರೆ ಅದನ್ನು ಮುಟ್ಟಬೇಡಿ, ಹಾಗೇ ಬಿಡಿ. ಆ ಹುಡುಗಿಗೆ ನಾನು ಇದೊಂದು ನಿಯಮ ಹಾಕಿದ ಮೇಲೆ ಅವಳ ಕೆಂಪು ಇಂಕು ಅರ್ಧಕ್ಕರ್ಧ ಕಡಿಮೆಯಾಯಿತು. ಫೋನಿನಲ್ಲಿ ಹಾಕಿದರೆ ಅದೇ ತಿದ್ದಿ ಕೊಡುತ್ತದೆ ಅನ್ನುವವರು ಇದ್ದಾರೆ. ಕೊಡಲಿ. ಪರೀಕ್ಷಾ ಹಾಲ್‌ಗೆ ಫೋನ್ ಬಿಡಲ್ಲ, ಅಷ್ಟು ಸಾಕಲ್ವಾ ಉತ್ತರ?

ಪ್ಯಾಸೇಜ್ ಎಲ್ಲಿಂದ ತರುವುದು? ಗೈಡ್ ಕೊಳ್ಳಲು ಮಡಿಕೇರಿವರೆಗೆ ಬರಬೇಕಾಗಿಲ್ಲ. ಇಂಗ್ಲಿಷ್ ಪೇಪರಿನ ಸಂಪಾದಕೀಯದಿಂದ ಒಂದು ಪ್ಯಾರಾ ತೆಗೆದುಕೊಂಡು, ನೀವೇ ನಾಲ್ಕೈದು ತಪ್ಪು ಸೇರಿಸಿ ಸ್ನೇಹಿತರಿಗೆ ಕೊಡಿ. ಅವರದ್ದು ನೀವು ತೆಗೆದುಕೊಳ್ಳಿ. ತಪ್ಪು ಬಚ್ಚಿಡಲು ಕಲಿತವರಿಗೆ ತಪ್ಪು ಹುಡುಕುವುದೂ ಸುಲಭ. ಜೊತೆಗೆ ಯಾರೂ ಇಲ್ಲವೇ? ನೀವೇ ಬರೆದ ಹಳೆಯ ಇಂಗ್ಲಿಷ್ ಇದ್ದೇ ಇರುತ್ತದೆ. ಅರ್ಜಿ, ಇಮೇಲ್, ಏನಾದರೂ. ಬರೆದ ದಿನವೇ ತಿದ್ದಬೇಡಿ, ಒಂದು ವಾರ ಬಿಡಿ. ಬರೆದ ದಿನ ನಮ್ಮ ಕಣ್ಣಿಗೆ ಕಾಣುವುದು ಕಾಗದದ ಮೇಲೆ ಇರುವುದಲ್ಲ, ನಾವು ಬರೆಯಬೇಕು ಅಂದುಕೊಂಡದ್ದು.

ಕಾಮಾ, ಫುಲ್‌ಸ್ಟಾಪ್ ಬಗ್ಗೆಯೂ ಹೇಳಬೇಕು ಅಂದುಕೊಂಡಿದ್ದೆ. ಗಾಜಿನ ಆಚೆ ಕೂತವರು ಕೈ ಎತ್ತುತ್ತಿದ್ದಾರೆ. ಅದನ್ನು ನಾಲ್ಕನೇ ಸುತ್ತು ಮಾಡಿಕೊಳ್ಳಿ, ಬೇರೆ ಸುತ್ತಿಗೆ ಬೆರೆಸಬೇಡಿ.

ಕೊನೆಗೆ ಮೂರು ಸಾಲು ಹೋಂವರ್ಕ್. ಬರೆದುಕೊಳ್ಳಿ.

ಹಾರ್ಡ್ಲಿ ಹ್ಯಾಡ್ ದಿ ಬಸ್ ಲೆಫ್ಟ್ ಕುಶಾಲನಗರ ವೆನ್ ದಿ ಮಿಸ್ಟ್ ಕೇಮ್ ಡೌನ್.

ಒನ್ ಆಫ್ ದಿ ಪ್ಯಾಸೆಂಜರ್ ಆಸ್ಕ್ಡ್ ದಿ ಡ್ರೈವರ್ ಟು ಸ್ಲೋ ಡೌನ್.

ನೈದರ್ ದಿ ಕಂಡಕ್ಟರ್ ನಾರ್ ದಿ ಪ್ಯಾಸೆಂಜರ್ಸ್ ವಾಸ್ ವರೀಡ್.

ಇದರಲ್ಲಿ ಒಂದು ಸಾಲು ಸರಿಯಾಗಿದೆ. ಯಾವುದು ಅಂತ ನಾನು ಹೇಳಲ್ಲ. ಮೊದಲು ವರ್ಬ್ ಮಾತ್ರ ನೋಡಿ. ನಮಸ್ಕಾರ.